ಕಾಣದ ಬೆಂಕಿ, ತಾಮ್ರದ ಹರಿವಾಣ

ಆ ಬೆಳಿಗ್ಗೆ ಮಂಜು ಅಂಗಳದವರೆಗೂ ಇಳಿದುಬಂದಿತ್ತು. ಬೀದಿದೀಪಗಳನ್ನು ಯಾರೋ ಹತ್ತಿಯಲ್ಲಿ ಸುತ್ತಿಟ್ಟಂತಿತ್ತು. ಹಿಂದಿನ ದಿನ ತಂತಿಗೆ ಹಾಕಿದ್ದ ಹಿಟ್ಟಿನ ಬಟ್ಟೆಗಳು ಒಣಗುವ ಮಾತನ್ನೇ ಬಿಟ್ಟು ಅಂಚಿಗೆ ಹನಿ ಕಟ್ಟಿಕೊಂಡು ನೇತಾಡುತ್ತಿದ್ದವು. ಗಾಳಿಯ ಸುಳಿವಿರಲಿಲ್ಲ. ಮೇಲಿರುವವನು ಆಕಾಶವನ್ನು ಎತ್ತಿ ನೆಲದ ಮೇಲಿಟ್ಟು, ಬೇರೇನೋ ಕೆಲಸ ನೆನಪಾಗಿ ಅತ್ತ ಹೋದಂತಿತ್ತು.

ಬೇಕರಿಯ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ಹಿಂಬಾಗಿಲು ತೆರೆದು ಅಂಗಳಕ್ಕೆ ಬಂದ. ಭಟ್ಟಿಯ ಹೊಗೆಕೊಳವೆ ಗೋಡೆಯಿಂದ ಹೊರಬಂದು ಮೇಲಕ್ಕೆ ತಿರುಗುವ ಮೂಲೆಯಲ್ಲಿ ಒಂದು ಸಣ್ಣ ನಳಿಗೆಯಿತ್ತು. ಅದರಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ಟು ಇಟ್ಟಿದ್ದರು. ಅವನು ಬಕೆಟ್ಟನ್ನೆತ್ತಿ ಒಳಗೆ ತಂದು, ಭಟ್ಟಿಯ ಬಾಗಿಲು ತೆಗೆದು, ಎಡಮೂಲೆಯಲ್ಲಿದ್ದ ತಾಮ್ರದ ಹರಿವಾಣದ ತುಂಬ ಆ ನೀರನ್ನು ಸುರಿದ. ಇದು ಅವನ ನಿತ್ಯದ ಕೆಲಸ. ನಲ್ಲಿ ಅಂಗಳದ ಆ ಕೊನೆಗಿದೆ, ಬಕೆಟ್ಟು ಬಾಗಿಲಲ್ಲೇ ಇದೆ, ಪುಕ್ಕಟೆ ಬಂದ ನೀರನ್ನು ಚರಂಡಿಗೆ ಯಾಕೆ ಚೆಲ್ಲಬೇಕು ಎಂಬುದು ಅವನ ಲೆಕ್ಕ.

ಆಮೇಲೆ ಗುಂಡಿ ಒತ್ತಿ, ಭಟ್ಟಿಯ ಬಾಗಿಲಿನ ಗಾಜಿನ ಕಣ್ಣಿನ ಮುಂದೆ ನಿಂತು ಕೈಮುಗಿದ. ಮೊದಲ ಉರಿಗೆ ಕೈಮುಗಿಯದೆ ಹಿಟ್ಟು ಮುಟ್ಟಬಾರದೆಂದು ಅಪ್ಪ ಕಲಿಸಿದ್ದ. ಆದರೆ ಈ ಹೊಸ ಉರಿ ಕಾಣುವುದಿಲ್ಲ. ಗಾಜಿನೊಳಗೆ ಎಷ್ಟು ಇಣುಕಿದರೂ ಖಾಲಿ. ಪಕ್ಕದಲ್ಲಿ ಪುಟ್ಟ ದೀಪವೊಂದು ಹತ್ತಿದರೆ ಬೆಂಕಿ ಹತ್ತಿದೆ ಎಂದು ನಂಬಬೇಕು, ಅಷ್ಟೆ. ಕಾಣದ್ದಕ್ಕೆ ಕೈಮುಗಿಯುವುದು ಮನುಷ್ಯನಿಗೆ ಹೊಸದೇನಲ್ಲ. ಆದರೂ ಬೆಂಕಿಯೂ ಆ ಸಾಲಿಗೆ ಹೋಗಿ ಕೂತಿತಲ್ಲ ಎಂದು ಅವನಿಗೆ ಕಸಿವಿಸಿ.

ಬೆಂಕಿಯ ಕತೆಗೆ ಮೊದಲು ಗೋಡೆಯ ಕತೆ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಸೋದರಮಾವ ಬಂದು ಬೇಕರಿಯನ್ನು ಪಾಲು ಮಾಡಿದ್ದ. ಬೀದಿಗಿದ್ದ ಅಂಗಡಿ ಅಣ್ಣನಿಗೆ, ಹಿಂದಿದ್ದ ಭಟ್ಟಿ ತಮ್ಮನಿಗೆ. ನಡುವೆ ಗೋಡೆ. ತಮ್ಮ ಬೇಯಿಸಿದ್ದನ್ನು ಅಣ್ಣನೇ ಮಾರಬೇಕು, ಅಣ್ಣ ಮಾರುವುದನ್ನು ತಮ್ಮನೇ ಬೇಯಿಸಬೇಕು ಎಂಬುದು ಮಾವನಿಗೆ ಗೊತ್ತಿದ್ದರಿಂದ ಗೋಡೆಯಲ್ಲಿ ಬ್ರೆಡ್ಡು ಜೋಡಿಸುವ ಎರಡು ತಗಡು ಹಿಡಿಸುವಷ್ಟು ಅಗಲದ ಒಂದು ಕಿಂಡಿ ಬಿಡಿಸಿದ್ದ. ಕಟ್ಟಿದ್ದು ಅಲುಗುವಂತಿಲ್ಲ, ಅದು ಭಟ್ಟಿಯ ಪಾಲು. ಎತ್ತಿಡುವಂಥ ಪಾತ್ರೆಪಗಡವೆಲ್ಲ ಅಂಗಡಿಯ ಪಾಲು ಎಂದು ತೀರ್ಮಾನವಾಗಿತ್ತು.

ಸಿಕ್ಕಿಕೊಂಡದ್ದು ಹರಿವಾಣ. ಅದು ಇರುವುದು ಭಟ್ಟಿಯೊಳಗೆ, ಆದರೆ ಎತ್ತಿಡಬಹುದು. ಅಪ್ಪ ಅದರ ಒಂದು ಅಂಚನ್ನು ಸುತ್ತಿಗೆಯಲ್ಲಿ ಬಡಿದು ಭಟ್ಟಿಯ ಮೂಲೆಗೆ ಸರಿಯಾಗಿ ಕೂರಿಸಿದ್ದ. ಅದರಲ್ಲಿ ನೀರಿಟ್ಟರೆ ಹಬೆಯೆದ್ದು, ಸಿಪ್ಪೆ ಗಟ್ಟಿಯಾಗುವ ಮೊದಲೇ ಬ್ರೆಡ್ಡು ಮನಸ್ಸು ಬಿಚ್ಚಿ ಉಬ್ಬುತ್ತದೆ, ಮೇಲ್ಮೈಗೆ ಹೊಳಪು ಬರುತ್ತದೆ. ಮಾವ ಯೋಚಿಸಿ, ಪಾತ್ರೆ ಪಾತ್ರೆಯೇ, ಅಣ್ಣನಿಗೆ ಎಂದ. "ಒಂದು ವಾರ ಇಟ್ಕೊಳ್ತೀನಿ, ಅಷ್ಟರಲ್ಲಿ ಬೇರೆದು ಮಾಡಿಸ್ಕೊಳ್ತೀನಿ," ಎಂದು ತಮ್ಮ ಕೇಳಿಕೊಂಡ. ಅಣ್ಣ ಒಪ್ಪಿದ. ಮಾಡಿಸಿದ ಸ್ಟೀಲಿನ ತಟ್ಟೆ ಶಾಖಕ್ಕೆ ಸೊಟ್ಟಗಾಯಿತು. ಇನ್ನೊಂದರಲ್ಲಿ ಮಾಡಿದಾಗ ಹೊಳಪು ಬರಲಿಲ್ಲ. ವಾರ ವರ್ಷವಾಯಿತು, ವರ್ಷಗಳಾದವು. ಒಂದು ದಿನ ಗಿರಾಕಿಯೊಬ್ಬ ಬ್ರೆಡ್ಡನ್ನು ಹೊಗಳಿದಾಗ ಅಣ್ಣ, "ಕದ್ದ ಹರಿವಾಣದ್ದು, ರುಚಿ ಜಾಸ್ತಿನೇ ಇರತ್ತೆ," ಎಂದುಬಿಟ್ಟ. ಕಿಂಡಿ ತೆರೆದಿತ್ತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಮಾತಿಲ್ಲವೆಂದರೆ ಮೌನವಲ್ಲ. ಅಣ್ಣ ಹೆಂಡತಿಯ ಕಡೆ ತಿರುಗಿ, "ಅವನಿಗೆ ಹೇಳು, ಬನ್ನು ಇನ್ನೂ ಬಂದಿಲ್ಲ," ಎನ್ನುವನು. ಈ ಕಡೆಯಿಂದ ತಮ್ಮ, "ಅತ್ತಿಗೆ, ನಿಮ್ಮ ಯಜಮಾನರಿಗೆ ಹೇಳಿ, ಬನ್ನಿಗೆ ಕಾಲಿಲ್ಲ, ನಾನೇ ತರಬೇಕು," ಎನ್ನುವನು. ಅತ್ತಿಗೆ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. "ಇಬ್ಬರಿಗೂ ಕಿವಿ ಕೊಟ್ಟಿದ್ದಾನೆ ದೇವರು, ನನ್ನ ಬಾಯಿ ಯಾಕೆ ಸವೆಸಲಿ," ಎಂದು ಪೊಟ್ಟಣ ಕಟ್ಟುತ್ತ ಕೂರುವಳು. ಅಪ್ಪನ ಕಾಲದಲ್ಲಿ ದಿನದ ಬೇಯಿಸುವಿಕೆ ಮುಗಿದ ಮೇಲೆ ಹರಿವಾಣವನ್ನು ಒರಗಿಸಿಡುತ್ತಿದ್ದ, ಅಂಗಡಿಯ ಕಪಾಟಿನ ಕೆಳಗಿನ ಜಾಗವನ್ನು ಅಣ್ಣ ಖಾಲಿಯೇ ಬಿಟ್ಟಿದ್ದ. ಬೇರೇನಾದರೂ ಇಡಲು ಹೋದರೆ, "ಅದು ಖಾಲಿಯಿಲ್ಲ," ಎನ್ನುತ್ತಿದ್ದ.

ಬೀದಿಯ ಕೊನೆಯಲ್ಲಿ ಮಕ್ಕಳ ಆಸ್ಪತ್ರೆಯಿತ್ತು. ಬೇಕರಿಯ ಮುಕ್ಕಾಲು ಬ್ರೆಡ್ಡು ಹೋಗುತ್ತಿದ್ದುದು ಅಲ್ಲಿಗೇ. ಸೌದೆಯ ಹೊಗೆ ಹೋಗುತ್ತಿದ್ದುದೂ ಅಲ್ಲಿಗೇ. ಹೀಗಾಗಿ ಆ ಬೀದಿಯಲ್ಲಿ ಇನ್ನು ಹೊಗೆಯ ಒಲೆ ಉರಿಸುವಂತಿಲ್ಲ ಎಂದಾಯಿತು. ಊರಾಚೆಯ ಬಯಲಿನಲ್ಲಿ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಹಾಸಿದ್ದರು. ಆ ಕರೆಂಟನ್ನು ನೀರಿಗೆ ಹಾಯಿಸಿ ಹೈಡ್ರೋಜನ್ ತೆಗೆದು, ಕೊಳವೆಯಲ್ಲಿ ಬೀದಿಯವರೆಗೆ ತಂದರು. ಹಳೆಯ ಭಟ್ಟಿ ಒಡೆದು ಅದೇ ಜಾಗದಲ್ಲಿ ಹೊಸದನ್ನು ಕೂರಿಸಿದರು. ಎಡಮೂಲೆ ಹಾಗೇ ಉಳಿದದ್ದು ನೋಡಿ ತಮ್ಮನಿಗೆ ಸಮಾಧಾನವಾಗಿತ್ತು.

ಭಟ್ಟಿ ಕೂರಿಸಲು ಬಂದ ಇಂಜಿನಿಯರನ್ನು ಎಲ್ಲರೂ ಗ್ಯಾಸಿನ ಹುಡುಗಿ ಎನ್ನುತ್ತಿದ್ದರು. ಹಸಿರು ಅಂಗಿ, ಸೊಂಟದಲ್ಲಿ ಗ್ಯಾಸಿನ ಸೋರಿಕೆ ಮೂಸುವ ಡಬ್ಬಿ. ಮೊದಲ ದಿನ ಕಿಂಡಿಯ ಎರಡೂ ಕಡೆಯವರನ್ನು ನಿಲ್ಲಿಸಿಕೊಂಡು ವಿವರಿಸಿದ್ದಳು.

"ನೀರನ್ನ ಎರಡು ಪಾಲು ಮಾಡ್ತೀವಿ. ಒಂದು ಪಾಲು ಗಾಳಿಗೆ ಬಿಡ್ತೀವಿ. ಇನ್ನೊಂದು ಪಾಲು ಇಲ್ಲಿಗೆ ಬರತ್ತೆ."

"ಅಯ್ಯೋ, ನೀರಿಗೂ ಪಾಲು ಮಾಡಿಸಿಬಿಟ್ರಾ," ಎಂದಳು ಅತ್ತಿಗೆ. "ಸೋದರಮಾವ ಇದ್ದನೇನಮ್ಮ ಅಲ್ಲಿ?"

ಹುಡುಗಿಗೆ ಅರ್ಥವಾಗದಿದ್ದರೂ ನಕ್ಕಳು. "ಇದು ಉರಿಯೋವಾಗ ಗಾಳಿಯಲ್ಲಿರೋ ಆ ಪಾಲಿನ ಜೊತೆ ಮತ್ತೆ ಸೇರ್ಕೊಳ್ಳತ್ತೆ. ಹೊಗೆ ಇಲ್ಲ, ಮಸಿ ಇಲ್ಲ. ಉರಿದದ್ದೆಲ್ಲ ನೀರಾಗಿ ವಾಪಸ್ ಬರತ್ತೆ. ಹಿಂದೆ ಒಂದು ಬಕೆಟ್ ಇಡಿ. ಆಮೇಲೆ, ಭಟ್ಟಿ ಒಳಗೆ ಬ್ರೆಡ್ಡಿನ ಅಚ್ಚು ಬಿಟ್ಟು ಬೇರೇನೂ ಇಡಬೇಡಿ."

ತಮ್ಮನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ನೀರು, ಪಾಲು, ಗಾಳಿ ಎಲ್ಲ ಶಾಲೆಯ ಪಾಠದಂತೆ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಬೇರೇನೂ ಇಡಬಾರದಂತೆ, ಇವಳು ಹರಿವಾಣ ನೋಡಿದರೆ ಭಟ್ಟಿಯನ್ನೇ ವಾಪಸ್ ಒಯ್ಯುತ್ತಾಳೆ ಎಂಬ ಭಯ ಹೊಕ್ಕಿತು. ಹಾಗಾಗಿ ಅವಳು ಪರೀಕ್ಷೆಗೆ ಬರುವ ದಿನಗಳಲ್ಲಿ ಅವನ ಹೆಂಡತಿ ಹರಿವಾಣವನ್ನು ಹೊರತೆಗೆದು, ಬಟ್ಟೆ ಸುತ್ತಿ, ಕಿಂಡಿಯಿಂದ ಆಚೆಗೆ ದಾಟಿಸುವಳು. ಭಟ್ಟಿಮನೆಯಲ್ಲಿ ಆ ಹುಡುಗಿ ತನ್ನ ಡಬ್ಬಿ ಹಿಡಿದು ಇಣುಕದ ಸಂದಿಯಿಲ್ಲ. ಆಚೆ ಅತ್ತಿಗೆ ಅದನ್ನು ತೆಗೆದುಕೊಂಡು ಕಪಾಟಿನ ಕೆಳಗೆ ಒರಗಿಸುವಳು. ಓರಗಿತ್ತಿಯರ ನಡುವೆ ಗೋಡೆ ಎದ್ದಿರಲಿಲ್ಲ.

ವಿಚಿತ್ರವೆಂದರೆ ಹುಡುಗಿ ಬಂದ ದಿನ ಬ್ರೆಡ್ಡು ಚೆನ್ನಾಗಿ ಬರುತ್ತಿತ್ತು. ಹೊಂಬಣ್ಣ, ಹೊಳಪು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಮಾರನೆಯ ದಿನದಿಂದ ಮತ್ತೆ ಅದೇ ಗೋಳು: ಬಿಳಿಚಿಕೊಂಡ ಮೈ, ಚರ್ಮದಂತೆ ಜಗ್ಗುವ ಸಿಪ್ಪೆ, ಅಚ್ಚಿನಿಂದ ತೆಗೆದು ಇಡುವಷ್ಟರಲ್ಲಿ ಸೊಂಟ ಕುಸಿದು ಕೂರುವ ಬ್ರೆಡ್ಡು.

"ನೀವಿದ್ದಾಗ ಸರಿಯಿರತ್ತೆ, ಹೋದ ಮೇಲೆ ಹಟ ಮಾಡತ್ತೆ," ಎಂದು ತಮ್ಮ ದೂರಿದ.

"ನಾನು ಹೋದ ಮೇಲೆ ನೀವೇನಾದ್ರೂ ಬೇರೆ ಥರ ಮಾಡ್ತೀರಾ?"

"ಏನೂ ಇಲ್ಲವಲ್ಲ."

ಹುಡುಗಿ ತಲೆ ಕೆರೆದುಕೊಂಡು ಅಂಕಿಗಳನ್ನು ಬರೆದುಕೊಂಡು ಹೋದಳು. ಅವಳ ಕೈಗುಣ ಎಂದು ತಮ್ಮ ತೀರ್ಮಾನಿಸಿದ. ಹಿಟ್ಟು ಬದಲಿಸಿದ, ಹುದುಗು ಬದಲಿಸಿದ, ಶಾಖ ಏರಿಸಿದ, ಇಳಿಸಿದ. ಹೊಳಪು ಸಾಲದೇನೋ ಎಂದು ಹರಿವಾಣಕ್ಕೆ ಇನ್ನಷ್ಟು ನೀರು ಹೊಯ್ದ.

ಆಚೆ ಕಡೆ ಗಲ್ಲಾದ ಹಿಂದೆ ಕೂತ ಅಣ್ಣನಿಗೆ ಬೇರೊಂದು ಕಾಣುತ್ತಿತ್ತು. ಹರಿವಾಣ ತನ್ನ ಕಪಾಟಿನ ಕೆಳಗೆ ಬಂದು ಕೂತ ದಿನ ಕಿಂಡಿಯಿಂದ ಬರುವ ಬ್ರೆಡ್ಡಿಗೆ ಜೀವ ಇರುತ್ತದೆ. ಅದು ವಾಪಸ್ ಹೋದ ಮಾರನೆಯ ದಿನ ಹೆಣ ಬರುತ್ತದೆ. ಒಂದು ಸಲ ಅಲ್ಲ, ಪ್ರತಿ ಸಲವೂ. ಆದರೆ ಇದನ್ನು ಹೇಳುವುದು ಹೇಗೆ? ನನ್ನ ಹರಿವಾಣ ನನಗೆ ಕೊಡು, ನಿನ್ನ ಬ್ರೆಡ್ಡು ನೆಟ್ಟಗಾಗುತ್ತದೆ ಎಂದು ಅಣ್ಣನಾದವನು ಹೇಳಿದರೆ ಯಾವ ತಮ್ಮ ನಂಬುತ್ತಾನೆ? ಅವನು ಬಾಯಿಗೆ ಬಂದದ್ದನ್ನು ನುಂಗಿಕೊಂಡೇ ಇದ್ದ. ಒಮ್ಮೆ ಮಾತ್ರ ತಡೆಯಲಾಗದೆ ಹೆಂಡತಿಯ ಕಡೆ ತಿರುಗಿ, "ಅವನಿಗೆ ಹೇಳು, ಹರಿವಾಣ ಇಲ್ಲದ ದಿನಾನೇ ಚೆನ್ನಾಗಿ ಬೇಯತ್ತೆ," ಎಂದಿದ್ದ.

ತಮ್ಮನ ಉತ್ತರ ಕಿಂಡಿಯಿಂದ ತಕ್ಷಣ ಬಂತು. "ಅತ್ತಿಗೆ, ಅವರಿಗೆ ಹೇಳಿ, ಇಷ್ಟು ವರ್ಷ ಆದ್ಮೇಲೆ ಹರಿವಾಣ ಕಿತ್ಕೊಳ್ಳೋಕೆ ಹೊಸ ದಾರಿ ಹುಡುಕಿದ್ದಾರೆ, ಭೇಷ್ ಅಂತ."

ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಹೆಂಗಸನ್ನು ಇಡೀ ಬೀದಿ ದೊಡ್ಡಕ್ಕ ಎನ್ನುತ್ತಿತ್ತು. ಅವಳು ತಾಳ್ಮೆಯಿಂದ ತಾಳಿದಳು, ಆಮೇಲೆ ತಾಳಲಿಲ್ಲ. "ನಿಮ್ಮ ಬ್ರೆಡ್ಡು ಜಗಿಯೋಕೆ ನಮ್ಮ ಮಕ್ಕಳಿಗೆ ಅರ್ಧ ಹಲ್ಲೇ ಬಂದಿಲ್ಲಪ್ಪ," ಎಂದು ಅಂಗಡಿಯಲ್ಲೇ ನಿಂತು ಹೇಳಿದಳು. "ನಾಳೆ ಎಂಟು ಗಂಟೆಗೆ ನಾನೇ ಬರ್ತೀನಿ. ಸರಿ ಕಂಡರೆ ತಗೋತೀನಿ. ಇಲ್ಲದಿದ್ರೆ ಪೇಟೆಯ ದೊಡ್ಡ ಬೇಕರಿಗೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಆ ನಾಳೆಯೇ ಈ ಮಂಜಿನ ಬೆಳಿಗ್ಗೆ. ಆಸ್ಪತ್ರೆ ಕೈಬಿಟ್ಟರೆ ಭಟ್ಟಿ ಉಳಿಯುವುದಿಲ್ಲ. ಹಳೆಯ ಭಟ್ಟಿಗೆ ಮರಳುವ ದಾರಿಯೂ ಇಲ್ಲ. ಅಪ್ಪ ಕೈಹಿಡಿದು ಕಲಿಸಿದ ಒಂದೇ ಒಂದು ವಿದ್ಯೆ ಕೈತಪ್ಪುತ್ತದೆಂದು ತಮ್ಮನಿಗೆ ಗೊತ್ತಿತ್ತು. ಗ್ಯಾಸಿನ ಹುಡುಗಿ ಊರಲ್ಲಿರಲಿಲ್ಲ. ಕೈಗುಣವನ್ನು ಕರೆಸುವಂತಿರಲಿಲ್ಲ.

ಮೊದಲ ಅಚ್ಚುಗಳನ್ನು ಹಾಕಿದ. ಗಾಜು ಒಳಗಿನಿಂದ ಬೆವೆತು ಬೆಳ್ಳಗಾಯಿತು. ತೆಗೆದಾಗ ಬ್ರೆಡ್ಡು ಎಂದಿನಂತೆಯೇ ಬಂದಿತ್ತು. ಹೆಂಡತಿ ಒಂದು ತಗಡನ್ನು ಕಿಂಡಿಯಲ್ಲಿಟ್ಟಳು. ಆಚೆಯಿಂದ ಅಣ್ಣ ಒಂದು ಬ್ರೆಡ್ಡನ್ನೆತ್ತಿ ಒತ್ತಿದ. ಒತ್ತಿದ ಗುರುತು ಹಾಗೇ ನಿಂತಿತು. ತಗಡನ್ನು ನಿಧಾನವಾಗಿ ಈ ಕಡೆಗೆ ತಳ್ಳಿದ.

"ಇವಳೇ, ಅವನನ್ನ ಕೇಳು, ಹಿಟ್ಟು ಇನ್ನೂ ಇದೆಯಾ ಅಂತ."

"ಒಂದು ಸಲಕ್ಕಾಗುವಷ್ಟಿದೆ ಅತ್ತಿಗೆ," ಎಂದ ತಮ್ಮ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಅದೇ ಅತ್ತಿಗೆಗೆ ಹೆದರಿಕೆ ಹುಟ್ಟಿಸಿತು. ಅವಳು ಪೊಟ್ಟಣದ ದಾರ ಕೆಳಗಿಟ್ಟಳು.

ಅಣ್ಣ ಕಿಂಡಿಯ ಹತ್ತಿರ ಬಂದು ನಿಂತ. ಮುಖ ಮಾತ್ರ ಹೆಂಡತಿಯ ಕಡೆಗೇ. "ಅವನಿಗೆ ಹೇಳು. ಹರಿವಾಣ ತೆಗೆದು ಹೊರಗಿಡಲಿ. ನನಗೆ ಕೊಡೋದು ಬೇಡ. ಈ ಕಿಂಡಿ ದಾಟಿಸೋದೇ ಬೇಡ. ಅವನ ಅಂಗಳದಲ್ಲಿ ಅವನೇ ಇಟ್ಕೊಳ್ಳಲಿ. ಬೇಕಿದ್ರೆ ಅದು ಅವನದೇ ಅಂತ ಮಾವನ ಮುಂದೆ ಹೇಳಿಬಿಡ್ತೀನಿ. ಈ ಒಂದು ಸಲ ಅದಿಲ್ಲದೆ ಬೇಯಿಸಲಿ."

ಅತ್ತಿಗೆ ಎಂದಿನಂತೆ ಏನನ್ನೂ ದಾಟಿಸಲಿಲ್ಲ. ದಾಟಿಸಬೇಕಾದ್ದು ಏನೂ ಉಳಿದಿರಲಿಲ್ಲ.

ಇಷ್ಟು ವರ್ಷ ಬೇಕು ಬೇಕು ಎಂದವನು ಬೇಡ ಎಂದದ್ದು ತಮ್ಮನಿಗೆ ಹೊಸದು. ಬೇಕೆನ್ನುವವನ ಮಾತನ್ನು ನಂಬದಿರಲು ಅವನಲ್ಲಿ ಸಾವಿರ ಕಾರಣಗಳಿದ್ದವು. ಬೇಡವೆಂದವನ ಮಾತನ್ನು ನಂಬದಿರಲು ಒಂದೂ ಸಿಗಲಿಲ್ಲ. ಅವನು ದಪ್ಪ ಬಟ್ಟೆ ಹಿಡಿದು ಬಗ್ಗಿದ. ಹರಿವಾಣದಲ್ಲಿ ನೀರು ಕುದಿಯುತ್ತಿತ್ತು.

"ರೀ, ಜೋಪಾನ," ಎಂದಳು ಹೆಂಡತಿ.

ಅಂಗಳಕ್ಕೆ ಒಯ್ದು ಬಿಸಿನೀರನ್ನು ಚರಂಡಿಗೆ ಚೆಲ್ಲಿದ. ಎಲ್ಲಿ ಇಡುವುದೆಂದು ಯೋಚಿಸಲಿಲ್ಲ. ಬಕೆಟ್ಟು ಬೆಳಿಗ್ಗೆಯೇ ಒಳಗೆ ಬಂದಿತ್ತು, ಅದು ಇರಬೇಕಾದ ಜಾಗ ಬರಿದಾಗಿತ್ತು. ಹರಿವಾಣವನ್ನು ಅಲ್ಲಿಟ್ಟು ಒಳಗೆ ಬಂದ. ಭಟ್ಟಿಯ ಬಾಗಿಲನ್ನು ಅಗಲವಾಗಿ ತೆರೆದು ನಿಂತ. ಒಳಗಿದ್ದ ಹಬೆ ಹೊರಬಿದ್ದು ಹಿಂಬಾಗಿಲಿನಿಂದ ಸರಿದು ಹೊರಗಿನ ಮಂಜಿನಲ್ಲಿ ಸೇರಿಹೋಯಿತು. ಯಾವುದು ಯಾವುದೆಂದು ಹೇಳಲಾಗಲಿಲ್ಲ. ಮತ್ತೆ ಬಾಗಿಲು ಮುಚ್ಚಿ, ಶಾಖ ಏರುವವರೆಗೆ ಕಾದು, ಉಳಿದ ಅಚ್ಚುಗಳನ್ನು ಒಳಗೆ ತಳ್ಳಿದ.

ತಮ್ಮ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಾಣದ ಬೆಂಕಿ ಒಳಗೆ ತನ್ನ ಪಾಡಿಗೆ ತಾನು ಇತ್ತು. ಗಾಜು ಈ ಸಲ ಪೂರ್ತಿ ಬೆಳ್ಳಗಾಗಲಿಲ್ಲ, ಅಂಚಿನಲ್ಲಷ್ಟೇ ಬೆವೆತು ನಿಂತಿತು. ಅದರ ಮೂಲಕ ಬ್ರೆಡ್ಡುಗಳು ಮೆಲ್ಲಗೆ ತಲೆಯೆತ್ತುವುದು ಕಂಡಿತು. ಮೊದಲು ಬಿಳಿ, ಆಮೇಲೆ ಕೆನೆ, ಆಮೇಲೆ ಗೋಧಿ. ಅವನ ಮನಸ್ಸಿನಲ್ಲಿ ಪ್ರಾರ್ಥನೆಯೇನೂ ಇರಲಿಲ್ಲ. ಬೆಳಿಗ್ಗೆಯೇ ಕೈಮುಗಿದಾಗಿತ್ತು, ಕೇಳಿಸಿಕೊಂಡವನು ಕೇಳಿಸಿಕೊಂಡಿರುತ್ತಾನೆ ಎಂದು ಸುಮ್ಮನಿದ್ದ.

ತೆಗೆದಾಗ ಒಂದನ್ನು ಬೋರಲು ಹಾಕಿ ತಳಕ್ಕೆ ಬೆರಳಿನಿಂದ ತಟ್ಟಿದ. ಟೊಳ್ಳು ಸದ್ದು ಬಂತು. ಆಚೆಗೂ ಕೇಳಿಸಿರಬೇಕು, ಗಲ್ಲಾದ ಕುರ್ಚಿ ಕಿರ್ ಎಂದಿತು.

ದೊಡ್ಡಕ್ಕ ಎಂಟಕ್ಕೆ ಬಂದಳು. ತಲೆಗೂದಲಿಗೆ ಮಂಜಿನ ಹನಿ ಹತ್ತಿತ್ತು. ಅಣ್ಣ, "ಬನ್ನಿ ದೊಡ್ಡಕ್ಕ," ಎಂದು ಬ್ರೆಡ್ಡನ್ನು ಮುಂದಿಟ್ಟು ಕೈಕಟ್ಟಿ ನಿಂತ. ಅವಳು ಒತ್ತಿ ನೋಡಿದಳು. ಗುರುತು ಮೇಲೆದ್ದು ಬಂತು. ಮುರಿದಳು, ಮೂಸಿದಳು, ಒಂದು ತುಂಡನ್ನು ಬಾಯಿಗಿಟ್ಟು ಬೀದಿಯ ಕಡೆ ನೋಡುತ್ತ ನಿಧಾನವಾಗಿ ಜಗಿದಳು.

"ನಿನ್ನೆ ಈ ಬ್ರೆಡ್ಡು ಎಲ್ಲಿ ಬಚ್ಚಿಟ್ಕೊಂಡಿತ್ತು?"

"ನಿಮಗೆ ಹೆದರಿ ಬಂದಿದೆ," ಎಂದಳು ಅತ್ತಿಗೆ.

"ಹಾಗಾದ್ರೆ ದಿನಾ ಬಂದು ಹೆದರಿಸಬೇಕಾ?"

"ಬೇಡ ದೊಡ್ಡಕ್ಕ," ಎಂದ ಅಣ್ಣ. "ಇನ್ನು ಸರಿಹೋಗತ್ತೆ."

"ನಾಳೆಯಿಂದ ಮೊದಲಿನಷ್ಟೇ ಕಳಿಸಿ," ಎಂದು ಹೇಳಿ, ಮುರಿದ ಬ್ರೆಡ್ಡಿನ ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಕೊಂಡು ದೊಡ್ಡಕ್ಕ ಹೊರಟುಹೋದಳು.

ಈಚೆ ಕಡೆ ತಮ್ಮ ಅದನ್ನು ಕೇಳಿಸಿಕೊಂಡು ಗೋಡೆಗೆ ಒರಗಿದ. ಹೆಂಡತಿ ಅಂಗಳದಿಂದ ಕೂಗಿದಳು.

"ರೀ, ಹರಿವಾಣಕ್ಕೆ ನೀರು ಹಾಕಿದ್ದು ಯಾಕೆ ಮತ್ತೆ?"

"ನಾನೆಲ್ಲಿ ಹಾಕ್ದೆ? ಚೆಲ್ಲಿ ಬಂದೆ."

"ಬನ್ನಿ, ನೋಡಿ."

ಹೋಗಿ ನೋಡಿದ. ಅಪ್ಪ ಬಡಿದ ಅಂಚಿನವರೆಗೂ ಅಲ್ಲದಿದ್ದರೂ, ತಳ ಮುಚ್ಚಿ ಮೇಲೆ ಎರಡು ಬೆರಳಿನಷ್ಟು ನೀರು ನಿಂತಿತ್ತು. ತಿಳಿಯಾದ, ಬಣ್ಣವಿಲ್ಲದ ನೀರು.

"ಮಂಜು ಬಿದ್ದಿರಬೇಕು," ಎಂದ.

"ಮಂಜಿಗೆ ಹರಿವಾಣ ತುಂಬತ್ತಾ? ಬಟ್ಟೆ ನೋಡಿ, ಹನಿ ಕೂಡ ಉದುರಿಲ್ಲ."

ಆಗ ನಳಿಗೆಯ ತುದಿಯಲ್ಲಿ ಒಂದು ಹನಿ ಮೂಡಿತು. ದೊಡ್ಡದಾಗಿ, ನಡುಗಿ, ಕೆಳಗೆ ಬಿತ್ತು. ಹರಿವಾಣ ಟಣ್ ಎನ್ನಲಿಲ್ಲ. ನೀರು ನೀರಿಗೆ ಬಿದ್ದ ಸದ್ದಷ್ಟೇ ಬಂತು. ತಮ್ಮ ನೋಡುತ್ತಿದ್ದಂತೆ ಇನ್ನೊಂದು. ಇಷ್ಟು ದಿನ ತಾನು ಹೊತ್ತು ತಂದು ಬೆಂಕಿಯ ಮುಂದಿಡುತ್ತಿದ್ದದ್ದು ಬೆಂಕಿಯೇ ಕೊಟ್ಟ ನೀರು. ಬ್ರೆಡ್ಡಿಗೆ ಬೇಕಾದ ಹಬೆ ಈ ಉರಿಯಲ್ಲೇ ಇತ್ತು, ಹರಿವಾಣದ್ದು ಹೆಚ್ಚಾಗಿ ಅದನ್ನು ತೋಯಿಸುತ್ತಿತ್ತು. ಕುಡಿದು ತಣಿದವನ ಬಾಯಿಗೆ ಮತ್ತೆ ಮತ್ತೆ ಲೋಟ ಹಿಡಿದಿದ್ದೆ ಎಂದು ಅವನಿಗೆ ಹೊಳೆಯಿತು. ಉರಿದದ್ದೆಲ್ಲ ನೀರಾಗಿ ವಾಪಸ್ ಬರತ್ತೆ ಎಂದು ಆ ಹುಡುಗಿ ಹೇಳಿದ್ದಳು. ಅಣ್ಣನೂ ಹೇಳಿದ್ದ. ಹೇಳದೆ ಉಳಿದವರು ಯಾರೂ ಇರಲಿಲ್ಲ.

"ನಗ್ತಿದೀರಾ?" ಎಂದಳು ಹೆಂಡತಿ.

"ಬಕೆಟ್ಟು ತಗೊಂಡು ಬಾ."

ಹರಿವಾಣದ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ಬಕೆಟ್ಟನ್ನು ಅದರ ಜಾಗದಲ್ಲಿಟ್ಟ. ಒಣಗಿದ ಬಟ್ಟೆ ಯಾವುದೂ ಸಿಗಲಿಲ್ಲ. ಅಂಗಿಯ ತುದಿಯಿಂದಲೇ ಹರಿವಾಣವನ್ನು ಒಳಗೆ, ಹೊರಗೆ, ಅಂಚಿನ ಸಂದಿನಲ್ಲಿ ಒರೆಸಿದ. ವರ್ಷಗಳ ಕಪ್ಪು ಹೋಗುವಂಥದ್ದಲ್ಲ. ಆದರೆ ಅಪ್ಪನ ಸುತ್ತಿಗೆಯ ಏಟುಗಳು ಒಂದೊಂದಾಗಿ ಕೈಗೆ ಸಿಕ್ಕವು.

ಕಿಂಡಿಯ ಆಚೆ ಅಣ್ಣ ಬೆನ್ನು ಹಾಕಿ ಡಬ್ಬಿಗಳನ್ನು ಜೋಡಿಸುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅತ್ತಿಗೆ ತಮ್ಮನನ್ನು ನೋಡಿದಳು, ಅವನ ಕೈಯಲ್ಲಿದ್ದುದನ್ನು ನೋಡಿದಳು, ಕಿಂಡಿಯಿಂದ ಪಕ್ಕಕ್ಕೆ ಸರಿದಳು.

"ಅಣ್ಣ," ಎಂದ ತಮ್ಮ.

ಅಣ್ಣ ತಿರುಗಿದ. ಹರಿವಾಣ ಕಿಂಡಿಯಲ್ಲಿ ಅರ್ಧ ಆಚೆ, ಅರ್ಧ ಈಚೆ ಇತ್ತು.

"ಬೇಡ ಅಂದಿದ್ನಲ್ಲ," ಎಂದ ಅಣ್ಣ.

"ಕೇಳಿಸ್ತು."

ಅಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡು ಹತ್ತಿರ ಬಂದ. ಮುಟ್ಟುವ ಮುನ್ನ ತಡೆದು ಕೇಳಿದ, "ಬಿಸಿ ಇದೆಯಾ?"

"ಇಲ್ಲ. ಆರಿದೆ. ಹಿಡ್ಕೋ, ಭಾರ ಇದೆ."

ಅಣ್ಣ ಎರಡೂ ಕೈಯಿಂದ ಹಿಡಿದುಕೊಂಡ. ಅವನ ಹಿಡಿತ ಗಟ್ಟಿಯಾಯಿತೆಂದು ಖಾತ್ರಿಯಾದ ಮೇಲೆ ತಮ್ಮ ಈ ಕಡೆಯ ಅಂಚನ್ನು ಬಿಟ್ಟ.